ಸಪ್ಪಳವಿಲ್ಲದ ಸೈಕಲ್ಲು

ಮಂದಾರನಿಗೆ ಬಡ್ತಿ ಬಂದ ದಿನ ಮನೆಯಲ್ಲಿ ಯಾರೂ ಸಿಹಿ ಮಾಡಲಿಲ್ಲ. ಎಂದಿನಂತೆ ಜೋಳದ ಭಕ್ರಿ, ಮೆಂತ್ಯದ ಪಲ್ಯ, ತವ್ವಿ. ಜಮಖಂಡಿಯ ಆ ಹಳೆಯ ಮನೆಯ ಅಡುಗೆಕೋಣೆಯಲ್ಲಿ ನಾಲ್ಕು ತಾಟು ಹಾಕಿಕೊಂಡು ನಾಲ್ಕೂ ಜನ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಬ್ಯಾಂಕಿನಲ್ಲಿ ಇಷ್ಟು ವರ್ಷ ಗುಮಾಸ್ತನಾಗಿದ್ದ ಮಂದಾರ ಈಗ ಬೀಳಗಿಯ ಶಾಖೆಗೆ ಮ್ಯಾನೇಜರನಾಗಿ ಹೋಗಬೇಕಿತ್ತು. ದಿನಾ ಹೋಗಿ ಬರಬಹುದಾದ ದೂರವೇ. ಆದರೆ ನಸುಕಿನ ಬಸ್ಸು ಹಿಡಿಯಬೇಕು, ಮರಳುವಾಗ ದೀಪ ಹಚ್ಚುವ ಹೊತ್ತಾಗುತ್ತದೆ.

"ನಾ ಇನ್ನೂ ಹೂಂ ಅಂದಿಲ್ಲ," ಎಂದ ಮಂದಾರ.

"ಹೋದ ಸಲಾನೂ ಹಿಂಗ ಅಂದ್ರಿ," ಎಂದಳು ಅವನ ಹೆಂಡತಿ ಶುಭದಾ. "ಆಮ್ಯಾಲೆ ಒಲ್ಲೆ ಅಂತ ಬರದ ಕೊಟ್ರಿ. ನಿಮ್ಮ ಕೈಯಾಗ ಕೆಲಸ ಕಲತವ್ರು ಇವತ್ತು ನಿಮಗ ಸಹಿ ಮಾಡಂತ ಹೇಳ್ತಾರ."

"ಹರ್ಷಾನ್ನ ಸಾಲಿಗೆ ಯಾರು ಬಿಡವ್ರು?"

ಹರ್ಷದಾ ಅಲ್ಲಿಯೇ ಕುಳಿತಿದ್ದಳು. ಮಂದಾರನ ತಂಗಿ. ಮೂವತ್ತು ದಾಟಿದವಳು, ಚಿಕ್ಕಪಡಸಲಗಿ ಕಡೆಗಿನ ರಸ್ತೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಎರಡು ವರ್ಷದ ಕೂಸಿದ್ದಾಗ ಪೋಲಿಯೋ ಬಂದು ಎಡಗಾಲು ಸೊರಗಿತ್ತು. ಕಬ್ಬಿಣದ ಪಟ್ಟಿಯ ಬೂಟು ಕಟ್ಟಿಕೊಂಡು ನಡೆಯುತ್ತಿದ್ದಳು. ನೌಕರಿ ಸಿಕ್ಕಿದ ದಿನದಿಂದ ಅಣ್ಣನ ಮೋಟರ್‌ಸೈಕಲ್ಲಿನ ಹಿಂದಿನ ಸೀಟೇ ಅವಳ ದಾರಿ. ಬೆಳಿಗ್ಗೆ ಬಿಟ್ಟು ಬಂದು ಅವನು ಬ್ಯಾಂಕಿಗೆ ಓಡುತ್ತಿದ್ದ, ಸಂಜೆ ಬ್ಯಾಂಕು ಬಿಟ್ಟವನು ಅವಳನ್ನು ಕರೆತರಲು ಓಡುತ್ತಿದ್ದ.

"ಆಟೋ ಹಚ್ಚಿಬಿಡೋಣ," ಎಂದರು ತಂದೆ ನಾರಾಯಣರಾಯರು. ತಾಲೂಕು ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಎಲ್ಲ ತೊಡಕಿಗೂ ಒಂದು ಏರ್ಪಾಡು ಇದ್ದೇ ಇರುತ್ತದೆ ಎಂದು ನಂಬಿದವರು.

"ಆಟೋದವ ಮದವಿ ಸೀಜನ್ನಿನಾಗ ಕೈ ಕೊಡ್ತಾನ ಬಾಬಾ," ಎಂದಳು ಹರ್ಷದಾ. " ಒಮ್ಮೆ ನೋಡೇವಲ್ಲ."

"ಬಸ್ಸು?"

"ಬಸ್ಸಿನ ಪಾವಟಿಗಿ ನನ್ನ ಮೊಣಕಾಲಿಗೆ ಬರ್ತದ. ಕಂಡಕ್ಟರ್ ರಟ್ಟಿ ಹಿಡದು ಎಳೀತಾನ, ಹಿಂದಿನವ್ರು ನೂಕ್ತಾರ. ಮೂಟಿ ಏರಿಸಿದಂಗ."

ಶುಭದಾ ಭಕ್ರಿಯ ಮೇಲೆ ಬೆಣ್ಣೆ ಹಾಕುತ್ತ ಹೇಳಿದಳು. "ಬಾಜೂ ಗಾಲಿ ಹಾಕಿದ ಸ್ಕೂಟಿ ಬರ್ತಾವಲ್ಲ. ಆಫೀಸಿಗೆ ಹೋಗೋ ಮಂದಿ ಹೊಡೀತಾರ, ನಾ ನೋಡೀನಿ."

ಹರ್ಷದಾಳ ತುತ್ತು ಕೈಯಲ್ಲೇ ನಿಂತಿತು. "ಅದು ಬ್ಯಾಡ."

"ಯಾಕ?"

"ಬ್ಯಾಡ ವೈನಿ. ಆ ಗಾಡಿ ಬಂತಂದ್ರ ಮಂದಿ ಮೊದಲ ಗಾಲಿ ನೋಡ್ತಾರ, ಆಮ್ಯಾಲ ಕಾಲು ನೋಡ್ತಾರ. ಮಾರಿ ನೋಡೋದ ಇಲ್ಲ."

ನಾರಾಯಣರಾಯರು ಗಂಟಲು ಸರಿಮಾಡಿಕೊಂಡರು. "ಹಂಗಾದ್ರ ನೌಕರಿನ ಬಿಟ್ಟಬಿಡು. ನನ್ನ ಪೆನ್ಶನ್ ಅದ, ಮನಿ ಅದ. ಮನ್ಯಾಗ ಟ್ಯೂಶನ್ ಹೇಳು."

"ಇನ್ನಷ್ಟು ತವ್ವಿ ಹಾಕ್ಲೇನು ಬಾಬಾ?" ಎಂದು ಕೇಳಿದಳು ಹರ್ಷದಾ. ಆ ಮಾತು ಅಲ್ಲಿಗೆ ಮುಗಿಯಿತು.

ಅದು ಎರಡು ಸಾವಿರದ ಹತ್ತರ ಬೇಸಿಗೆ. ಶಾಲೆಗೆ ಸೂಟಿ ಇತ್ತು. ಮರುದಿನ ಹರ್ಷದಾ ರಿಕ್ಷಾ ಮಾಡಿಕೊಂಡು ಬಜಾರಿನ ಹಣಮಪ್ಪನ ಸೈಕಲ್ ಅಂಗಡಿಗೆ ಹೋದಳು. ಕೊಲ್ಲಾಪುರದಿಂದ ಅವನು ಎರಡು ಕರೆಂಟ್ ಸೈಕಲ್ ತರಿಸಿದ್ದನ್ನು ಶಾಲೆಯಲ್ಲಿ ಯಾರೋ ಹೇಳಿದ್ದರು. ಒಂದು ಮಾರಿಹೋಗಿತ್ತು. ಇನ್ನೊಂದು ಕೆಂಪು ಬಣ್ಣದ್ದು, ಮುಂದೆ ಬುಟ್ಟಿ, ಸೀಟಿನ ಕೆಳಗೆ ಕರಿಯ ಡಬ್ಬಿಯಂಥ ಬ್ಯಾಟರಿ. ಅದನ್ನು ಬಿಟ್ಟರೆ ಹೈಸ್ಕೂಲಿಗೆ ಹೋಗುವ ಹುಡುಗಿಯರ ಸೈಕಲ್ಲಿನ ಹಾಗೆಯೇ ಇತ್ತು. ಅವಳಿಗೆ ಬೇಕಾಗಿದ್ದುದೂ ಅದೇ.

"ಖರೆ ಹೇಳ್ತೀನ್ರಿ ಅಕ್ಕೋರ," ಎಂದ ಹಣಮಪ್ಪ. "ಲೈಸನ್ಸ್ ಬ್ಯಾಡ, ಪೆಟ್ರೋಲ್ ಬ್ಯಾಡ, ಕಿಕ್ ಹೊಡ್ಯೂದು ಬ್ಯಾಡ. ಹಿಡಿಕಿ ತಿರುವಿದ್ರ ಹೊಂಟ ಬಿಡ್ತೈತಿ. ಆದ್ರ ನಮ್ಮ ಊರಾಗ ಕರೆಂಟ್ ಯಾವಾಗ ಇರ್ತೈತಿ, ಯಾವಾಗ ಹೋಗ್ತೈತಿ, ಅದಕ್ಕ ನಾ ಗ್ಯಾರಂಟಿ ಕೊಡಾಕ ಆಗೂದಿಲ್ಲ. ಬ್ಯಾಟರಿನೂ ವರ್ಷ ಎರಡ ವರ್ಷಕ್ಕ ಮುದಿ ಆಗ್ತಾವ."

"ಬ್ಯಾಟರಿ ಮುಗದ್ರ?"

"ತುಳೀಬೇಕ್ರಿ. ಭಾಳ ಭಾರ ಐತಿ, ಕಾಲಾಗ ಕಸುವು ಬೇಕು." ಹೇಳಿದ ಮೇಲೆ ಅವನ ಕಣ್ಣು ಅವಳ ಬೂಟಿನತ್ತ ಹೋಯಿತು. ಅವನು ಬಟ್ಟೆ ತೆಗೆದುಕೊಂಡು ಸೀಟು ಒರೆಸತೊಡಗಿದ.

ಅವಳು ಬಲಗಾಲು ನೆಲಕ್ಕೆ ಊರಿ ಸೀಟಿನ ಮೇಲೆ ಕುಳಿತಳು. ಎಡಗಾಲನ್ನು ಕೈಯಿಂದ ಎತ್ತಿ ಪೆಡಲಿನ ಮೇಲಿಟ್ಟಳು. ಪೆಡಲು ತಿರುಗಬೇಕಿಲ್ಲ, ಸುಮ್ಮನೆ ಕಾಲಿಡುವ ಜಾಗವಾದರೆ ಸಾಕಿತ್ತು. ಬ್ಯಾಂಕಿನ ಪಾಸ್‌ಪುಸ್ತಕ ಅವಳ ಚೀಲದಲ್ಲೇ ಇತ್ತು. ಮನೆಯಲ್ಲಿ ಯಾರನ್ನೂ ಕೇಳದೆ ಕೊಂಡ ಮೊದಲ ದೊಡ್ಡ ವಸ್ತು ಅದು.

ಸಂಜೆ ಹಣಮಪ್ಪನ ಅಂಗಡಿಯ ಆಳು ಸೈಕಲ್ ತಂದು ಅಂಗಳದಲ್ಲಿ ನಿಲ್ಲಿಸಿ ಹೋದ. ಮಂದಾರ ಬ್ಯಾಂಕಿನಿಂದ ಬಂದು ಹೆಲ್ಮೆಟ್ ತೆಗೆಯದೆ ಅದನ್ನೇ ನೋಡುತ್ತ ನಿಂತ.

"ಇದು ಯಾರದು?"

"ನಂದು."

"ಯಾರ್ನ ಕೇಳಿ ತಂದಿ?"

"ಹಣಮಪ್ಪನ್ನ."

"ಹರ್ಷಾ, ಚಾಷ್ಟಿ ಮಾಡಬ್ಯಾಡ. ಊರಾಗ ದಿನಾ ಅರ್ಧಾ ಹೊತ್ತು ಕರೆಂಟ್ ಇರೂದಿಲ್ಲ. ಕಬ್ಬಿನ ಸೀಜನ್ನಿನಾಗ ಆ ರಸ್ತೆ ತುಂಬ ಟ್ರಾಕ್ಟರ್, ಒಂದೊಂದಕ್ಕೂ ಎರಡೆರಡು ಟ್ರೇಲರ್. ಗಾಳಿಗೆ ಇದು ಎಳೀತದೇನು? ನಡು ದಾರ್ಯಾಗ ಬ್ಯಾಟರಿ ಮುಗೀತು ಅಂದ್ರ ಮಂದಿ ಪೆಡಲ್ ತುಳದು ಮನಿ ಮುಟ್ತಾರ. ನೀ ಏನ ಮಾಡ್ತಿ?"

"ಕೂಡ್ತೀನಿ," ಎಂದಳು ಹರ್ಷದಾ. "ದಾರಿ ಬಾಜೂಕ ಕೂಡ್ತೀನಿ. ಯಾರರೆ ಬರ್ತಾರ."

"ಯಾರರೆ ಬರ್ತಾರ," ಎಂದು ಅವನು ಅವಳ ಮಾತನ್ನೇ ತಿರುಗಿ ಅಂದ. "ಇಷ್ಟ ವರ್ಷ ಯಾರು ಬಂದಾರ?"

ಆ ಮಾತು ಬಂದ ಮೇಲೆ ಅವನಿಗೇ ಇರಿಸುಮುರಿಸಾಯಿತು. ಒಳಗೆ ಹೋಗಿ ಚಹಾ ಕೇಳಿದ. ಶುಭದಾ ಚಹಾ ಕೊಟ್ಟಳು.

ಸೈಕಲ್ ಕಲಿಸಿದವಳು ಅವಳೇ. ಮಂದಾರ ಬ್ಯಾಂಕಿಗೆ ಹೋಗಿ, ನಾರಾಯಣರಾಯರು ಮಲಗಿದ ಮೇಲೆ ಶುಭದಾ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದಿನ ಕ್ಯಾರಿಯರ್ ಹಿಡಿದುಕೊಳ್ಳುತ್ತಿದ್ದಳು. ಮನೆಯ ಹಿಂದಿನ ಓಣಿ ಮಧ್ಯಾಹ್ನ ಖಾಲಿ ಇರುತ್ತಿತ್ತು. ತನಗೂ ಸೈಕಲ್ ಹೊಡೆಯಲು ಬಾರದು ಎಂಬುದು ಅವಳಿಗೆ ಅಡ್ಡಿಯಾಗಲಿಲ್ಲ.

"ಎಡಕ್ಕ ವಾಲಬ್ಯಾಡ, ಬಲಕ್ಕ ವಾಲು. ನಿಲ್ಲೂ ಮುಂದ ಬಲಗಾಲ ಊರಬೇಕು."

"ಗೊತ್ತದ ವೈನಿ, ಆದ್ರ ಸೈಕಲ್ಲಿಗೆ ಗೊತ್ತಿಲ್ಲ."

ಮೂರನೇ ದಿನ ಸೈಕಲ್ ಎಡಕ್ಕೇ ವಾಲಿತು. ಎಡಗಾಲು ತಡೆಯಲಿಲ್ಲ. ಹರ್ಷದಾ ಸೈಕಲ್ ಸಮೇತ ಗಟಾರದ ಅಂಚಿಗೆ ಬಿದ್ದು ಮೊಣಕೈ ತರಚಿಕೊಂಡಳು. ಶುಭದಾ ಅವಳನ್ನು ಎಬ್ಬಿಸಿ, ಗಾಯ ತೊಳೆದು, ಅರಿಷಿಣ ಒತ್ತಿದಳು.

"ನಿಮ್ಮ ದಾದಾಗ ಹೇಳೂದ ಬ್ಯಾಡ. ಉದ್ದ ತೋಳಿನ ಪೋಲ್ಕಾ ಹಾಕ್ಕೋ."

"ನೀವ್ಯಾಕ ಇಷ್ಟ ಒದ್ದಾಡ್ಲಿಕತ್ತೀರಿ ವೈನಿ?"

ಶುಭದಾ ಬಟ್ಟೆ ಹಿಂಡುತ್ತ ನೇರವಾಗಿ ಹೇಳಿದಳು. "ನನಗ ಅವರು ಬೀಳಗಿಗೆ ಹೋಗಬೇಕಾಗೇದ. ಮ್ಯಾನೇಜರ್ ಆಗಬೇಕಾಗೇದ. ನಿನಗ ಸಾಲಿಗೆ ಹೋಗಬೇಕಾಗೇದ. ಇದರಾಗ ಮುಚ್ಚಿಡೂದೇನದ?"

ಹರ್ಷದಾಳಿಗೆ ಆ ಮಾತು ಹಿಡಿಸಿತು. ಆ ಮನೆಯಲ್ಲಿ ಅವಳ ಮೇಲಿನ ಕರುಣೆಯಿಲ್ಲದೆ ಅವಳ ಬಗ್ಗೆ ಮಾತಾಡುವವರು ಬೇರೆ ಯಾರೂ ಇರಲಿಲ್ಲ.

ಜೂನಿನಲ್ಲಿ ಶಾಲೆ ತೆರೆಯಿತು. ಮೊದಲ ವಾರ ಮಂದಾರ ಮೋಟರ್‌ಸೈಕಲ್ಲಿನ ಮೇಲೆ ಅವಳ ಹಿಂದೆಯೇ ಬರುತ್ತಿದ್ದ. ತುಸು ಅಂತರ ಬಿಟ್ಟು, ಅವಳಿಗೆ ಕಾಣಬಾರದೆಂಬಂತೆ. ಆದರೆ ಸಪ್ಪಳವೇ ಇಲ್ಲದ ಸೈಕಲ್ಲಿನ ಮೇಲೆ ಕುಳಿತವಳಿಗೆ ಹಿಂದಿನ ಎಂಜಿನ್ನಿನ ಸಪ್ಪಳ ಕೇಳದೆ ಇರುತ್ತದೆಯೇ? ಒಂದು ದಿನ ಅವಳು ಕಬ್ಬಿನ ಹೊಲದ ಬದಿಗೆ ನಿಂತಳು. ಅವನೂ ನಿಂತ.

"ದಾದಾ, ಬೀಳಗಿಗೆ ಹೂಂ ಅನ್ನು."

"ನಿನಗ ನಾ ಬ್ಯಾಡ ಆದ್ನೇನು?"

"ಹುಚ್ಚನಂಗ ಮಾತಾಡಬ್ಯಾಡ. ಇಷ್ಟ ವರ್ಷ ನಿನ್ನ ಬೆನ್ನು ನೋಡಿಕೋತ ಸಾಲಿಗೆ ಹೋಗೀನಿ. ಈ ದಾರ್ಯಾಗ ಒಂದು ಬಾವಿ ಅದ, ಅದರ ಮ್ಯಾಲ ಗೀಜಗನ ಗೂಡು ಅದಾವ. ನಾ ನಿನ್ನೆ ಮೊದಲನೇ ಸಲ ನೋಡಿದೆ."

ಮಂದಾರ ಬಾವಿಯ ಕಡೆ ನೋಡಲಿಲ್ಲ. ಗಾಡಿ ತಿರುಗಿಸಿಕೊಂಡು ಹೋದ. ಮರುವಾರ ಬೀಳಗಿಗೆ ಹಾಜರಾದ. ಶುಭದಾ ಅಂದು ಶ್ಯಾವಿಗೆ ಪಾಯಸ ಮಾಡಿದಳು.

ಹೀಗೆ ಸೈಕಲ್ ಮನೆಯ ಐದನೇ ಜನದಂತಾಯಿತು. ಐದನೆಯವರು ಬಂದರೆ ಮನೆಯಲ್ಲಿ ಆಗುವ ತಕರಾರುಗಳೆಲ್ಲ ಆದವು. ಬ್ಯಾಟರಿ ಬಿಚ್ಚಿ ಒಳಗೊಯ್ಯುವುದು ಹರ್ಷದಾಳಿಂದ ಆಗದು, ಅಷ್ಟು ಭಾರ. ಆದ್ದರಿಂದ ಸೈಕಲ್ಲೇ ಪಡಸಾಲೆಗೆ ಬರಬೇಕು. ನಾರಾಯಣರಾಯರು ಹೊಸ್ತಿಲಿಗೆ ಹಳೆಯ ಹಲಗೆಯೊಂದನ್ನು ಇಳಿಜಾರಾಗಿ ಹಾಕಿಕೊಟ್ಟರು, ಗೊಣಗುತ್ತ. ಮಳೆಯ ದಿನಗಳಲ್ಲಿ ಗಾಲಿಗಳು ಎರೆಮಣ್ಣು ತರುತ್ತಿದ್ದವು.

"ಈಗಷ್ಟ ಒರಸೀನಿ," ಎನ್ನುತ್ತಿದ್ದಳು ಶುಭದಾ.

"ನಾ ಒರಸ್ತೀನಿ ಬಿಡ್ರಿ."

"ನೀ ಒರಸಿದ್ರ ಇನ್ನೊಮ್ಮೆ ನಾ ಒರಸಬೇಕು."

ಪಡಸಾಲೆಯಲ್ಲಿ ದೊಡ್ಡ ಪ್ಲಗ್ಗು ಇದ್ದದ್ದು ಒಂದೇ. ಅದರಲ್ಲಿ ಟಿವಿ ಇತ್ತು. ಸಂಜೆ ಕರೆಂಟು ಬಂದ ಗಳಿಗೆಗೆ ಮನೆಯಲ್ಲಿ ಎಲ್ಲರೂ ಒಮ್ಮೆಲೇ ಎದ್ದು ಓಡಾಡುತ್ತಿದ್ದರು. ಶುಭದಾ ಮಿಕ್ಸರಿಗೆ ಶೇಂಗಾ ಹಾಕುವಳು, ಹಿತ್ತಲಲ್ಲಿ ನೀರಿನ ಮೋಟರು ಚಾಲೂ ಆಗುವುದು, ನಾರಾಯಣರಾಯರು ಮರಾಠಿ ಸುದ್ದಿ ಹಚ್ಚುವರು.

"ಬಾಬಾ, ಪ್ಲಗ್ಗು."

"ಸುದ್ದಿ ಮುಗೀಲಿ."

"ಸುದ್ದಿ ಮುಗಿಯೂದ್ರಾಗ ಕರೆಂಟ್ ಹೋಗ್ತದ."

"ಹೋದ್ರ ಹೋಗಲಿ. ನಿನ್ನ ಸೈಕಲ್ ಬಂದ ಮ್ಯಾಲ ನನಗ ದೇಶದಾಗ ಏನ ನಡದದ ಅನ್ನೂದ ಗೊತ್ತಾಗವಲ್ದು."

ಶುಭದಾ ಎಕ್ಸ್‌ಟೆನ್ಶನ್ ಬೋರ್ಡು ತಂದು ಆ ಜಗಳ ಬಿಡಿಸಿದಳು. ಆದರೆ ಬೋರ್ಡು ತಂದರೆ ಕರೆಂಟು ಹೆಚ್ಚು ಬರುವುದಿಲ್ಲವಲ್ಲ. ಕೆಲವು ದಿನ ಸಂಜೆಯೂ ಇಲ್ಲ, ನಸುಕಿನಲ್ಲೂ ಇಲ್ಲ. ಅಂಥ ದಿನ ಹರ್ಷದಾ ಅರ್ಧ ಚಾರ್ಜಿನ ಮೇಲೆ ಹೋಗಿ ಶಾಲೆಯ ಆಫೀಸಿನಲ್ಲಿ ಹಚ್ಚಿಕೊಳ್ಳುತ್ತಿದ್ದಳು. ಅಲ್ಲಿಯೂ ಇಲ್ಲದಿದ್ದರೆ ಯಾರದಾದರೂ ರಿಕ್ಷಾ ಕರೆಸಿ ಸೈಕಲ್ ಶಾಲೆಯಲ್ಲೇ ಬಿಟ್ಟು ಬರುತ್ತಿದ್ದಳು.

ಇಷ್ಟೆಲ್ಲ ಇದ್ದರೂ ಒಳ್ಳೆಯ ದಿನಗಳು ಕೆಟ್ಟ ದಿನಗಳಿಗಿಂತ ಹೆಚ್ಚಿದ್ದವು. ಪೆಟ್ರೋಲ್ ಬಂಕಿಗೆ ಹೋಗುವ ಪಡಿಪಾಟಲಿಲ್ಲ. ಓಣಿಯಲ್ಲಿ ಎದುರಿಗೆ ಬಂದ ಎಮ್ಮೆ ಬೆದರುವುದಿಲ್ಲ. ಶಾಲೆ ಬಿಟ್ಟ ಮೇಲೆ ಅಣ್ಣನಿಗಾಗಿ ಕಟ್ಟೆಯ ಮೇಲೆ ಕುಳಿತು ರಸ್ತೆ ಕಾಯುವುದು ತಪ್ಪಿತ್ತು. ದಾರಿಯಲ್ಲಿ ಮನಸ್ಸಿಗೆ ಬಂದರೆ ನಿಂತು ಹಸಿ ಕಡಲೆ ಕೊಳ್ಳಬಹುದಿತ್ತು, ಕೊಳ್ಳದೆ ಮುಂದೆ ಹೋಗಬಹುದಿತ್ತು. ಒಂದು ಸಂಜೆ ಅವಳು ಯಾವ ಕೆಲಸವೂ ಇಲ್ಲದೆ ಪೇಟೆಯಲ್ಲಿ ಒಂದು ಸುತ್ತು ಹಾಕಿ ಮನೆಗೆ ಬಂದಳು.

"ಇಷ್ಟೊತ್ತು ಎಲ್ಲಿದ್ದಿ?" ಎಂದು ಕೇಳಿದರು ನಾರಾಯಣರಾಯರು.

"ಎಲ್ಲೂ ಇಲ್ಲ ಬಾಬಾ."

ಆ ಉತ್ತರ ಅವಳಿಗೇ ಬಹಳ ಸೇರಿತು.

ಶ್ರಾವಣ ಕಳೆಯಿತು, ದೀಪಾವಳಿ ಬಂದು ಹೋಯಿತು. ಕಬ್ಬು ಕಡಿಯುವ ದಿನಗಳು ಬಂದವು. ಟ್ರಾಕ್ಟರುಗಳು ಹಾಡು ಹಚ್ಚಿಕೊಂಡು, ರಸ್ತೆಯ ಅರ್ಧಕ್ಕೂ ಹೆಚ್ಚು ತುಂಬಿಕೊಂಡು ಬರುತ್ತಿದ್ದವು. ಅವುಗಳಿಗೆ ದಾರಿ ಬಿಡಲು ಮೇಲಿಂದ ಮೇಲೆ ಮಣ್ಣಿಗಿಳಿಯಬೇಕು, ನಿಲ್ಲಬೇಕು, ಮತ್ತೆ ಎಳೆದುಕೊಂಡು ಹತ್ತಬೇಕು. ಹಾಗೆ ನಿಂತು ಹೊರಟಾಗಲೆಲ್ಲ ಬ್ಯಾಟರಿ ಇಳಿಯುತ್ತಿತ್ತು. ಅದೂ ಮೊದಲಿನಷ್ಟು ಹಿಡಿಯುತ್ತಿರಲಿಲ್ಲ. ಹಣಮಪ್ಪ ತೆರೆದು ನೋಡಿ, ಸರಿಯಾಗಿ ಚಾರ್ಜು ಆಗದೆ ಆಗದೆ ಹೀಗಾಗಿದೆ, ಹೊಸದು ಕೊಲ್ಲಾಪುರದಿಂದ ಬರಬೇಕು, ಬರಲು ತಡವಾಗುತ್ತದೆ ಎಂದ.

ಆ ತಡದಲ್ಲೇ ಅದು ಆದದ್ದು. ಶಾಲೆ ಬಿಟ್ಟು ಬರುವಾಗ ಆಕಾಶ ಕಪ್ಪಿಟ್ಟಿತ್ತು, ಕಾಲವಲ್ಲದ ಕಾಲದ ಮಳೆ. ಎದುರುಗಾಳಿ. ಊರು ದೂರವಿರುವಾಗಲೇ ಸೈಕಲ್ ಮೆಲ್ಲಗಾಯಿತು, ಇನ್ನಷ್ಟು ಮೆಲ್ಲಗಾಯಿತು, ನಿಂತಿತು. ಹರ್ಷದಾ ಬಲಗಾಲಿನಿಂದ ಒಂದೆರಡು ಸಲ ಪೆಡಲ್ ಒತ್ತಿ ನೋಡಿದಳು. ಅರ್ಧ ಸುತ್ತು ಹೋಗಿ ನಿಲ್ಲುತ್ತಿತ್ತು, ಉಳಿದ ಅರ್ಧ ಎಡಗಾಲಿನ ಪಾಲು. ಇಳಿದು ನೂಕಿದಳು. ಸೈಕಲ್ ನೂಕುತ್ತ ಕುಂಟುವುದು ಎಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ. ಬೂಟಿನ ಪಟ್ಟಿ ತೊಡೆಗೆ ಒತ್ತಿ ಚರ್ಮ ಉರಿಯತೊಡಗಿತು. ದಾರಿಯ ಬದಿ ಕುಳಿತಳು. ಅಣ್ಣನಿಗೆ ಹೇಳಿದ್ದು ಇದನ್ನೇ ಅಲ್ಲವೇ?

ಯಾರಾದರೂ ಬರುತ್ತಾರೆಂದದ್ದೂ ಸುಳ್ಳಾಗಲಿಲ್ಲ. ಹೊಲದ ಕೆಲಸ ಮುಗಿಸಿ ಬರುತ್ತಿದ್ದ ಇಬ್ಬರು ಹೆಂಗಸರು ನಿಂತರು. ಒಬ್ಬಳು ತಂಗೆವ್ವ, ಅವಳ ಮಗಳು ಹರ್ಷದಾಳ ಶಾಲೆಯಲ್ಲಿ ಒಂಬತ್ತನೇ ಇಯತ್ತೆಯಲ್ಲಿದ್ದಳು.

"ಅಕ್ಕೋರ, ಗಾಡಿ ಕೆಟ್ಟೈತೇನ್ರಿ?"

"ಕರೆಂಟ್ ಮುಗದದ."

"ಮ್ಯಾಲ ಕೂಡ್ರಿ. ನಾವು ನೂಕ್ತೀವಿ."

"ಛೇ, ಬ್ಯಾಡ."

"ಮಳಿ ಬರಾಕತ್ತೈತ್ರಿ. ನೀವು ನಡದ್ರ ಮೂವರೂ ತೊಯ್ತೀವಿ. ಕೂಡ್ರಿ."

ಅವಳು ಕುಳಿತಳು. ಇಬ್ಬರೂ ಕ್ಯಾರಿಯರ್ ಹಿಡಿದು ನೂಕಿದರು. ಅವಳ ಕೆಲಸ ಹ್ಯಾಂಡಲ್ ನೆಟ್ಟಗೆ ಹಿಡಿಯುವುದಷ್ಟೇ. ಟ್ರಾಕ್ಟರಿನವರು ತಿರುಗಿ ನೋಡಿದರು. ಟೆಂಪೋದ ತುಂಬ ಕುಳಿತಿದ್ದ ಮಂದಿ ಕತ್ತು ಹೊರಗೆ ಹಾಕಿ ನೋಡಿದರು. ಅವಳ ಶಾಲೆಯ ಹುಡುಗರಿಬ್ಬರು ನೋಡಿ, ನಮಸ್ಕಾರ ಹೇಳಬೇಕೋ ಬೇಡವೋ ತಿಳಿಯದೆ ಬೇಲಿಯ ಕಡೆ ಮುಖ ಮಾಡಿದರು. ತಂಗೆವ್ವ ನೂಕುತ್ತಲೇ ಮಗಳ ಲೆಕ್ಕದ ಸುದ್ದಿ ಕೇಳಿದಳು. ಹರ್ಷದಾ ಕುಳಿತಲ್ಲಿಂದಲೇ ಹೇಳಿದಳು. ಹುಡುಗಿ ಜಾಣೆ, ಬೀಜಗಣಿತ ಕಂಡರೆ ಮಾತ್ರ ಓಡುತ್ತಾಳೆ ಎಂದು. ತಂಗೆವ್ವ ನಕ್ಕಳು.

ರಸ್ತೆಯ ತಿರುವಿನ ಚಹಾದಂಗಡಿಗೆ ಮುಟ್ಟುವುದರಲ್ಲಿ ಮಳೆ ಹಿಡಿದುಕೊಂಡಿತು. ಅಲ್ಲಿಂದ ಅವಳು ಮನೆಗೆ ಫೋನು ಮಾಡಿದಳು. ಅಂದು ರಜೆ ಹಾಕಿ ಮನೆಯಲ್ಲಿದ್ದ ಮಂದಾರನೇ ಬಂದ. ಸೈಕಲ್ಲನ್ನು ಅಂಗಡಿಯ ಹಿಂದೆ ನಿಲ್ಲಿಸಿ, ತೊಯ್ದ ತಂಗಿಯನ್ನು ಹಿಂದೆ ಕೂರಿಸಿಕೊಂಡು ಮನೆಗೆ ತಂದ.

ಶುಭದಾ ಬಿಸಿ ಝುಣಕ, ಭಕ್ರಿ ಬಡಿಸಿದಳು.

"ನಾಳೆ ಹೆಡ್ ಆಫೀಸಿಗೆ ಬರೀತೀನಿ," ಎಂದ ಮಂದಾರ. "ನನ್ನ ವಾಪಸ್ ಜಮಖಂಡಿಗೆ ಹಾಕ್ರಿ ಅಂತ. ಗುಮಾಸ್ತ ಮಾಡಿದ್ರೂ ನಡೀತದ."

ಶುಭದಾ ಸೌಟು ಕೆಳಗಿಟ್ಟಳು. ಅವಳು ಬಾಯಿ ತೆರೆಯುವ ಮೊದಲೇ ಹರ್ಷದಾ ಹೇಳಿದಳು. "ಬರೀಬ್ಯಾಡ."

"ನಾ ಅವತ್ತ ಹೇಳಿದ್ದೆ..."

"ಹೇಳಿದ್ದಿ. ನೀ ಹೇಳಿದ್ದು ಒಂದೂ ಸುಳ್ಳಾಗಲಿಲ್ಲ. ಕರೆಂಟ್ ಖರೆ, ಗಾಳಿ ಖರೆ, ಟ್ರಾಕ್ಟರ್ ಖರೆ, ಬ್ಯಾಟರಿ ಖರೆ. ಆದ್ರೂ ಇಷ್ಟ ದಿನ ನಾ ಒಬ್ಬಾಕೀನ ಹೋಗಿ ಬಂದೀನಿ. ಅದೂ ಖರೆ ದಾದಾ."

"ಮುಂದ?"

"ಬಾಜೂ ಗಾಲಿ ಸ್ಕೂಟಿ ತಗೋತೀನಿ."

ನಾರಾಯಣರಾಯರು ನೀರಿನ ತಂಬಿಗೆ ಕೆಳಗಿಟ್ಟರು. "ಅದಕ್ಕ ನೀನ ಒಲ್ಲೆ ಅಂದಿದ್ದಿ."

"ಮಂದಿ ನೋಡ್ತಾರ ಅಂತ ಒಲ್ಲೆ ಅಂದಿದ್ದೆ ಬಾಬಾ. ಇವತ್ತು ಇಬ್ಬರು ಹೆಣ್ಣಮಕ್ಕಳು ನನ್ನ ಕೂಸಿನಂಗ ನೂಕಿಕೋತ ಬಂದ್ರು. ಎಲ್ಲಾರೂ ನೋಡಿದ್ರು. ನೋಡಿ ಏನ ಮಾಡಿದ್ರು? ಅವರವರ ಮನಿಗೆ ಹೋದ್ರು."

ಮಂದಾರ ಭಕ್ರಿ ಮುರಿಯುತ್ತ ಕೇಳಿದ. "ಮೊದಲ ಅದನ್ನ ತಗೊಂಡಿದ್ರ ಆಗ್ತಿದ್ದಿಲ್ಲೇನು?"

"ಮೊದಲ ತಗೋತಿದ್ದಿಲ್ಲ," ಎಂದಳು ಹರ್ಷದಾ. "ನೌಕರಿ ಬಿಟ್ಟು ಟ್ಯೂಶನ್ ಹೇಳ್ತಿದ್ದೆ."

ಅವನು ಅವಳ ಮುಖ ನೋಡಿದ. ಅವಳು ತಮಾಷೆ ಮಾಡುತ್ತಿರಲಿಲ್ಲ. ಬೀಳಗಿಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಶುಭದಾ ಒಂದು ಭಕ್ರಿ ತಂದು, ಯಾರೂ ಕೇಳದಿದ್ದರೂ, ನಾದಿನಿಯ ತಾಟಿಗೆ ಹಾಕಿದಳು.

ಸ್ಕೂಟಿ ಮನೆಗೆ ಬರಲು ಯುಗಾದಿಯಾಯಿತು. ಲೈಸನ್ಸಿಗೆ ಡಾಕ್ಟರ ಸರ್ಟಿಫಿಕೇಟು, ಗಾಲಿ ಕೂರಿಸಲು ವಿಜಾಪುರದ ಗ್ಯಾರೇಜು. ಎಲ್ಲಕ್ಕೂ ಓಡಾಡಿದವನು ಮಂದಾರನೇ, ಬ್ಯಾಂಕಿಗೆ ರಜೆ ಹಾಕಿ. ಅದಕ್ಕೂ ಅದರದೇ ಕಿರಿಕಿರಿಗಳಿದ್ದವು. ಎಂಜಿನ್ ಹಚ್ಚಿದರೆ ನಾರಾಯಣರಾಯರಿಗೆ ಸುದ್ದಿ ಕೇಳುತ್ತಿರಲಿಲ್ಲ. ಅಗಲ ಹೆಚ್ಚು, ಹಿಂದಿನ ಓಣಿಯಲ್ಲಿ ಹಿಡಿಸದು, ಸುತ್ತು ಬಳಸಿ ಬರಬೇಕು. ತಗ್ಗಿನಲ್ಲಿ ಒಂದು ಬಾಜು ಗಾಲಿ ಏರಿ ಇನ್ನೊಂದು ಇಳಿದು ನಡು ಕುಲುಕುತ್ತಿತ್ತು. ಪೆಟ್ರೋಲಿನ ಬೆಲೆ ಪ್ರತಿ ಸಲವೂ ಬಂಕಿನವನೇ ಮೊದಲು ಹೇಳಿ ಕ್ಷಮೆ ಕೇಳುವವನಂತೆ ಮುಖ ಮಾಡುತ್ತಿದ್ದ. ಬಾವಿಯ ಹತ್ತಿರ ಗೀಜಗನ ಸದ್ದು ಈಗ ಕೇಳಿಸುತ್ತಿರಲಿಲ್ಲ, ಅದೊಂದು ಬೇಸರ ಅವಳಿಗೆ ಉಳಿಯಿತು. ಆದರೆ ನಿಂತಾಗ ಯಾವ ಕಾಲನ್ನೂ ಊರಬೇಕಾಗಿರಲಿಲ್ಲ. ಕರೆಂಟು ಹೋದ ದಿನವೂ ಶಾಲೆಗೆ ಹೋಗಬಹುದಿತ್ತು. ಮೊದಲ ದಿನ ಹುಡುಗರು ಗಾಲಿ ನೋಡಿದರು. ಎರಡನೇ ದಿನ, ಹಿಂದೆ ಕೂತು ಒಂದು ಸುತ್ತು ಹೋಗಬಹುದೇ ಎಂದು ಕೇಳಿದರು. ಮೂರನೇ ದಿನ ಪರೀಕ್ಷೆಯ ಮಾರ್ಕ್ಸು ಕೊಟ್ಟಳು, ಆಮೇಲೆ ಗಾಡಿಯ ವಿಚಾರ ಯಾರೂ ತೆಗೆಯಲಿಲ್ಲ.

ಕೆಂಪು ಸೈಕಲ್ಲಿಗೆ ಹೊಸ ಬ್ಯಾಟರಿ ಬಂತು. ಮಾರೋಣವೆಂದು ಹರ್ಷದಾ ಹೇಳಿದಾಗ ನಾರಾಯಣರಾಯರು, "ಇರಲಿ, ಅವಸರೇನದ," ಎಂದರು. ಕೆಲವು ವರ್ಷಗಳ ಹಿಂದೆ ಕಣ್ಣಿನ ಆಪರೇಶನ್ ಆದ ಮೇಲೆ ಅವರು ತಮ್ಮ ಸ್ಕೂಟರ್ ಹೊಡೆಯುವುದನ್ನು ಬಿಟ್ಟಿದ್ದರು. ಮೊಣಕಾಲು ನೋವು, ಗುಡಿಗೂ ಸಂತೆಗೂ ಹೋಗುವುದು ನಿಂತುಹೋಗಿತ್ತು. ಒಂದು ಬೆಳಿಗ್ಗೆ ಧೋತರದ ಅಂಚು ಕಚ್ಚೆಗೆ ಬಿಗಿದ ಅವರು ಸೈಕಲ್ ಹತ್ತಿ ಓಣಿಯ ತುದಿಯವರೆಗೆ ಹೋಗಿ ಬಂದರು. ಒಂದು ವಾರದಲ್ಲಿ ಕಾಯಿಪಲ್ಯ ಅವರೇ ತರತೊಡಗಿದರು. ಊರೊಳಗೆ ಅಡ್ಡಾಡಲು ಎಷ್ಟು ಚಾರ್ಜು ಬೇಕು? ಬ್ಯಾಟರಿ ಮುಗಿದರೂ ಮೆಲ್ಲಗೆ ನೂಕಿಕೊಂಡು ಬರಬಹುದಾದಷ್ಟೇ ದೂರ.

"ಸಪ್ಪಳಿಲ್ಲ, ಹೊಗಿ ಇಲ್ಲ," ಎಂದು ಅವರು ಕಟ್ಟೆಯ ಮೇಲಿನ ಗೆಳೆಯರಿಗೆ ಹೇಳುವುದು ಒಳಗೆ ಕೇಳಿಸುತ್ತಿತ್ತು. "ನಾ ಮೊದಲಿಂದ ಹೇಳ್ತಿದ್ದೆ, ಇದು ಛಲೋ ವಸ್ತು."

ಶುಭದಾ ಅಡುಗೆಮನೆಯಲ್ಲಿ ನಾದಿನಿಯ ಕಡೆ ನೋಡಿ ಹುಬ್ಬು ಏರಿಸಿದಳು.

ಒಂದು ಭಾನುವಾರ ಮಂದಾರ ಬ್ಯಾಂಕಿನ ಲೆಕ್ಕಪರಿಶೋಧನೆಯೆಂದು ಬೀಳಗಿಯಲ್ಲೇ ಉಳಿದಿದ್ದ. ನಾರಾಯಣರಾಯರು ಊಟ ಮಾಡಿ ಮಲಗಿದ್ದರು. ಶುಭದಾ ಪಾತ್ರೆ ಬೋರಲು ಹಾಕಿ, ಕೈ ಒರೆಸಿಕೊಂಡು, ಸ್ಕೂಟಿಯ ಮುಂದೆ ಬಂದು ನಿಂತಳು.

"ಇದರ ಮ್ಯಾಲ ಇಬ್ಬರು ಕೂಡಬಹುದೇನು?"

"ಕೂಡಬಹುದು. ಎಲ್ಲಿಗೆ ಹೋಗಬೇಕು?"

"ರಾಮತೀರ್ಥದ ಗುಡಿಗೆ. ಮದವಿ ಆದ ವರ್ಷ ಒಮ್ಮೆ ಹೋಗಿದ್ದೆ, ಆಮ್ಯಾಲೆ ಗುಡ್ಡಾ ಕಿಡಕ್ಯಾಗ ನೋಡಿದ್ದಷ್ಟ."

"ಏನರೆ ಹರಕಿ ಅದ ಏನು?"

"ಏನೂ ಇಲ್ಲ. ಹೋಗಬೇಕು ಅನಿಸೇದ."

ಹರ್ಷದಾ ಗಾಡಿ ತೆಗೆದಳು. ಶುಭದಾ ಒಂದು ಬದಿಗೆ ಕಾಲು ಇಳಿಬಿಟ್ಟು ಕುಳಿತು ಅವಳ ಹೆಗಲು ಗಟ್ಟಿಯಾಗಿ ಹಿಡಿದಳು.

"ಹೆಗಲ ಬಿಡ್ರಿ ವೈನಿ, ಹ್ಯಾಂಡಲ್ ಅಲ್ಲಾಡ್ತದ. ಸೀಟಿನ ಹಿಂದಿನ ಕಂಬಿ ಹಿಡೀರಿ. ಸೆರಗು ಮಡಚಿ ತೊಡಿ ಮ್ಯಾಲ ಇಟ್ಟುಕೊಳ್ರಿ. ತಿರುವಿನಾಗ ನೀವಾಗಿ ವಾಲಬ್ಯಾಡ್ರಿ, ಗಾಡಿ ಹೆಂಗ ಹೋಗ್ತದ ಹಂಗ ಹೋಗ್ರಿ."

"ಭಾಳ ಗೊತ್ತದ ನಿನಗ."

"ಹಿಂದ ಕೂಡೂದರಾಗ ನನ್ನಷ್ಟು ಅನುಭವ ಈ ಊರಾಗ ಯಾರಿಗದ?"

ಪೇಟೆ ದಾಟಿ ಗುಡ್ಡದ ರಸ್ತೆ ಹಿಡಿದರು. ಏರು ಶುರುವಾಯಿತು. ಸಣ್ಣ ಎಂಜಿನ್ನು, ಎರಡು ಹೆಚ್ಚಿನ ಗಾಲಿ, ಇಬ್ಬರು ಹೆಂಗಸರು. ಸ್ಕೂಟಿ ಮೊದಲು ಗುರುಗುಟ್ಟಿತು, ಆಮೇಲೆ ಕೆಮ್ಮಿತು, ಆಮೇಲೆ ನಡೆಯುವ ವೇಗಕ್ಕೆ ಇಳಿಯಿತು. ಕಾಯಿ, ಹೂವು ಹಿಡಿದು ಗುಡಿಗೆ ಹೊರಟಿದ್ದ ಮುದುಕನೊಬ್ಬ ಅವರ ಬದಿಯಲ್ಲೇ ಹೆಜ್ಜೆ ಹಾಕುತ್ತ, ಒಮ್ಮೆ ತಿರುಗಿ ನೋಡಿ, ಅವರನ್ನು ದಾಟಿ ಮುಂದೆ ಹೋದ.

ಶುಭದಾ ಕಂಬಿ ಬಿಟ್ಟು ಸೆರಗು ಸರಿಮಾಡಿಕೊಂಡಳು. "ನಾ ಇಳದು ನಡ್ಕೋತ ಬರ್ಲೇನು? ನಿನಗ ಭಾರ ಆತು."

ಹರ್ಷದಾ ಹಿಂದೆ ನೋಡಲಿಲ್ಲ. ಹಿಡಿಕೆಯನ್ನು ಇನ್ನಷ್ಟು ತಿರುಗಿಸಿದಳು.

"ಕೂಡ್ರಿ ವೈನಿ," ಎಂದಳು. "ಭಾರ ಇದ್ರ ಇರಲಿ. ನಾ ಒಯ್ತೀನಿ."